ಹಳ್ಳಿಯ ಜನರಿಗೆ ವಿದೇಶಾಂಗ ನೀತಿಯ ಬಗ್ಗೆ ಸ್ವಂತ ಅಭಿಪ್ರಾಯ ಇರುತ್ತದೆಯೇ?

ವಿದೇಶಾಂಗ ವ್ಯವಹಾರಗಳ ಬಗ್ಗೆ ಕೇಳಿದರೆ ಹಳ್ಳಿಗಳಲ್ಲಿ ಒಂದಿಷ್ಟು ಜನ ‘ಗೊತ್ತಿಲ್ಲ’ ಎನ್ನುತ್ತಾರೆ, ಉಳಿದವರು ಟಿವಿಯಲ್ಲಿ ಕೇಳಿದ್ದನ್ನು ಒಪ್ಪಿಸುತ್ತಾರೆ, ಹಾಗಾದರೆ ಅಲ್ಲಿ ಜನಾಭಿಪ್ರಾಯ ಎಂಬುದೇ ಇಲ್ಲವೇ ಎಂದು ನೀವು ಕೇಳಿದ್ದೀರಿ. ನಾನು ವಿಜಯಪುರದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರದು. ಎರಡೂ ಕಡೆಯ ಮಾತು ಕಿವಿಗೆ ಬೀಳುವುದರಿಂದ ಹೇಳುತ್ತೇನೆ: ಅಭಿಪ್ರಾಯ ಇದೆ, ಖಚಿತವಾಗಿಯೇ ಇದೆ. ಅದನ್ನು ಯಾರೂ ಕೇಳುತ್ತಿಲ್ಲ, ಅಷ್ಟೇ.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಮರುದಿನ ಕೇಂದ್ರ ಸರ್ಕಾರ ಪಾಕಿಸ್ತಾನದ ಗಡಿಯಲ್ಲಿರುವ, ಅಫ್ಘಾನಿಸ್ತಾನದ ಸರಕೂ ಒಳಬರುತ್ತಿದ್ದ ಅಟ್ಟಾರಿ ಚೆಕ್‌ಪೋಸ್ಟ್ ಮುಚ್ಚುವುದಾಗಿ ಪ್ರಕಟಿಸಿತು. ನಮ್ಮಲ್ಲಿ ಅದು ದ್ರಾಕ್ಷಿ ಒಣಗಿಸುವ ಕೆಲಸ ಮುಗಿಯುತ್ತ ಬಂದು, ಮಣೂಕದ, ಅಂದರೆ ಒಣದ್ರಾಕ್ಷಿಯ, ಬಾಕ್ಸುಗಳು ಕೋಲ್ಡ್ ಸ್ಟೋರೇಜ್ ಸೇರುವ ಕಾಲ. ಪಾಕಿಸ್ತಾನಕ್ಕೆ ತಕ್ಕ ಪಾಠ ಕಲಿಸಬೇಕೆಂಬ ವಿಷಯದಲ್ಲಿ ಶೆಡ್ಡಿನ ಮುಂದೆ ಕುಳಿತವರಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ. ಹಿಂದಿನ ರಾತ್ರಿ ಸುದ್ದಿ ವಾಹಿನಿಯಲ್ಲಿ ಬಂದ ಮಾತುಗಳೇ ಹೆಚ್ಚುಕಡಿಮೆ ಹಾಗೆಯೇ ಮರಳಿ ಬರುತ್ತಿದ್ದವು. ನಡುವೆ ಬೆಳೆಗಾರರೊಬ್ಬರು, “ಗಡಿ ಬಂದ್ ಆದ್ರ ಕಾಬೂಲಿ ಮಾಲ್ ಬರೂದೂ ನಿಂದರ್ತದೇನ್ರಿ ಸರ?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬರು, “ಎಲ್ಲೀದು ಬಿಡ್ರಿ, ಇರಾನ್‌ದಿಂದ ಹಡಗಿನ್ಯಾಗ ಮುಂಬೈಗೆ ಬಂದಬಿಡ್ತದ” ಎಂದರು.

ಈ ಎರಡು ಮಾತುಗಳಲ್ಲಿ ನನ್ನ ಒಂದು ತರಗತಿಯ ಪಾಠ ಅಡಗಿದೆ. ಅಫ್ಘಾನಿಸ್ತಾನದ ಒಣದ್ರಾಕ್ಷಿಗೆ ದಕ್ಷಿಣ ಏಷ್ಯಾದ ಸಾರ್ಕ್ ಕೂಟದ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಡಿ ಸುಂಕದ ರಿಯಾಯಿತಿ ಇದೆ; ಆ ಹೆಸರಿನಲ್ಲಿ ಚೀನಾದ ಮಾಲೂ ಒಳಗೆ ಬರುತ್ತದೆ ಎಂಬುದು ಇಲ್ಲಿನ ಮತ್ತು ಸಾಂಗಲಿ ಭಾಗದ ಬೆಳೆಗಾರರ ದೂರು. ಇನ್ನು ಇರಾನಿನ ಚಾಬಹಾರ್ ಬಂದರು: ಪಾಕಿಸ್ತಾನದ ನೆಲ ಮುಟ್ಟದೆ ಕಾಬೂಲ್ ತಲುಪುವ ದಾರಿ ಸಿಕ್ಕಿತೆಂದು ಪತ್ರಿಕೆಗಳು ಅದನ್ನು ಭಾರತದ ರಾಜತಾಂತ್ರಿಕ ಗೆಲುವೆಂದು ಬಣ್ಣಿಸುತ್ತವೆ, ನಾನೂ ತರಗತಿಯಲ್ಲಿ ಹಾಗೆಯೇ ಕಲಿಸುತ್ತೇನೆ. ಆದರೆ 2019ರ ಫೆಬ್ರವರಿಯಲ್ಲಿ ಆ ಮಾರ್ಗದಲ್ಲಿ ಭಾರತಕ್ಕೆ ಹೊರಟ ಅಫ್ಘಾನಿಸ್ತಾನದ ಮೊದಲ 23 ಲಾರಿಗಳ ಸರಕಿನಲ್ಲಿ ಒಣಹಣ್ಣುಗಳೂ ಇದ್ದವು. ದೆಹಲಿಗೆ ಅದು ಪಾಕಿಸ್ತಾನವನ್ನು ಬದಿಗಿಟ್ಟು ಹೋಗುವ ದಾರಿಯಾದರೆ ತಿಕೋಟಾದ ಬೆಳೆಗಾರನಿಗೆ ಅದು ಪ್ರತಿಸ್ಪರ್ಧಿಯ ಮಾಲು ಬರುವ ದಾರಿ. ಇದು ಟಿವಿ ಕಲಿಸಿದ ಅಭಿಪ್ರಾಯವಲ್ಲ. ಈ ಬಗ್ಗೆ ಯಾವ ಕನ್ನಡ ವಾಹಿನಿಯೂ ಚರ್ಚೆ ನಡೆಸಿದ್ದನ್ನು ನಾನು ನೋಡಿಲ್ಲ.

ಸಮೀಕ್ಷೆಗಳು ಕೇಳುವುದು ಬೇರೆಯದನ್ನೇ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಸುಮಾರು 2,600 ಭಾರತೀಯರನ್ನು ಮಾತನಾಡಿಸಿದಾಗ, ಜಗತ್ತಿನಲ್ಲಿ ಭಾರತದ ಪ್ರಭಾವ ಹೆಚ್ಚುತ್ತಿದೆ ಎಂದವರು ಶೇ 68ರಷ್ಟು. ಮನೆಬಾಗಿಲಿಗೆ ಬಂದ ಅಪರಿಚಿತರು ನಿಮ್ಮ ದೇಶದ ವರ್ಚಸ್ಸು ಏರಿದೆಯೇ ಇಳಿದಿದೆಯೇ ಎಂದು ಕೇಳಿದರೆ ಇಳಿದಿದೆ ಎನ್ನಲು ಎಷ್ಟು ಜನರಿಗೆ ಮನಸ್ಸು ಬಂದೀತು? ಆ ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ, ಅದು ಅಳೆಯುವುದು ಅಭಿಮಾನವನ್ನು. ಬಾಂಗ್ಲಾದೇಶಕ್ಕೆ ಉಳ್ಳಾಗಡ್ಡಿ (ಈರುಳ್ಳಿ) ಕಳಿಸುವುದನ್ನು ನಿಲ್ಲಿಸಬೇಕೇ ಎಂದು ಅದೇ ಮನೆಬಾಗಿಲಲ್ಲಿ ಕೇಳಿದ್ದರೆ ನಮ್ಮ ಜಿಲ್ಲೆಯ ಕೊಲ್ಹಾರದಲ್ಲಾಗಲಿ ಬಸವನ ಬಾಗೇವಾಡಿಯಲ್ಲಾಗಲಿ ‘ಗೊತ್ತಿಲ್ಲ’ ಎನ್ನುವವರು ಅಪರೂಪ.

ಉಳ್ಳಾಗಡ್ಡಿಯ ಕಥೆ ನಿಮಗೂ ತಿಳಿದಿರಬಹುದು. 2023ರ ಆಗಸ್ಟ್‌ನಲ್ಲಿ ಶೇ 40ರ ರಫ್ತು ಸುಂಕ, ಡಿಸೆಂಬರ್ 8ರಿಂದ ಪೂರ್ತಿ ನಿಷೇಧ, 2024ರ ಮೇ ತಿಂಗಳಲ್ಲಿ ನಿಷೇಧ ತೆರವಾದರೂ ಮತ್ತೆ ಸುಂಕ. ಅದು ಸಂಪೂರ್ಣ ಹೋದದ್ದು 2025ರ ಏಪ್ರಿಲ್ 1ರಂದು. 2019ರಲ್ಲಿಯೂ ಹೀಗೆಯೇ ರಫ್ತು ನಿಂತಾಗ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ದೆಹಲಿಯಲ್ಲೇ ನಿಂತು, ಅಡುಗೆಗೆ ಉಳ್ಳಾಗಡ್ಡಿ ಹಾಕಬೇಡ ಎಂದು ಮನೆಯ ಅಡುಗೆಯವರಿಗೆ ಹೇಳಿಬಿಟ್ಟಿದ್ದೇನೆ ಎಂದು ನಗುತ್ತಲೇ ಚುಚ್ಚಿದ್ದರು. ನೆರೆಯ ದೇಶದ ಪ್ರಧಾನಿ ಎತ್ತಿದ ವಿಷಯವನ್ನು ನಮ್ಮ ಎಪಿಎಂಸಿಯ ರೈತ ಎತ್ತಿದರೆ ಅದನ್ನು ಕೇವಲ ‘ದರದ ಗಲಾಟೆ’ ಎಂದು ವರದಿ ಮಾಡುತ್ತೇವೆ.

ಇಲ್ಲಿ ಎಲ್ಲರ ಅಭಿಪ್ರಾಯವೂ ಒಂದೇ ಎಂದು ತಿಳಿಯಬೇಡಿ. ಅದೇ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಿಗೆ ರಫ್ತು ನಿಂತದ್ದು ಒಳ್ಳೆಯದೇ ಆಗಿತ್ತು, ಏಕೆಂದರೆ ಅವರು ಉಳ್ಳಾಗಡ್ಡಿಯನ್ನು ಕೊಂಡು ತಿನ್ನುವವರು. ಮಣೂಕದ ಆಮದು ನಿಲ್ಲಿಸಿ ಎನ್ನುವ ಬೆಳೆಗಾರ, ನಮ್ಮ ಹಸಿ ದ್ರಾಕ್ಷಿಗೆ ಬಾಂಗ್ಲಾದೇಶ ಸುಂಕ ಹಾಕಬಾರದು ಎಂದೂ ಅದೇ ಉಸಿರಿನಲ್ಲಿ ಹೇಳುತ್ತಾನೆ. ಅಸಂಗತವೇ ಸರಿ, ಆದರೆ ವ್ಯಾಪಾರ ಮಾತುಕತೆಗೆ ಕೂರುವ ದೊಡ್ಡ ದೇಶಗಳ ನಿಲುವೂ ಇದಕ್ಕಿಂತ ಸುಸಂಗತವಾಗಿ ನನಗೆ ಕಂಡಿಲ್ಲ. ಯುದ್ಧದ ವಿಷಯದಲ್ಲಿಯೂ ಒಂದು ಅಪವಾದವಿದೆ: ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಯ ಕಡೆ, ಮಗ ಸೈನ್ಯದಲ್ಲಿರುವ ಮನೆಗಳಲ್ಲಿ ಕುಳಿತಾಗ, ಸ್ಟುಡಿಯೊದ ಅಬ್ಬರ ನನಗೆ ಅಷ್ಟಾಗಿ ಕೇಳಿಬಂದಿಲ್ಲ.

ಈ ಅಭಿಪ್ರಾಯಗಳು ದೆಹಲಿ ಮುಟ್ಟದಿರಲು ಕಾರಣ ಜನರ ಅಜ್ಞಾನವಲ್ಲ, ವ್ಯವಸ್ಥೆ ಇರುವ ರೀತಿ. ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮ ನಮ್ಮಲ್ಲಿಲ್ಲ. ಕೇಂದ್ರ ಸಂಪುಟ ಒಪ್ಪಿದರೆ ಸಾಕು. ರಫ್ತು ನಿಷೇಧಕ್ಕಂತೂ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಒಂದು ಅಧಿಸೂಚನೆ ಸಾಕಾಗುತ್ತದೆ. ಹಾಗಾಗಿ ಮತ ಕೇಳಲು ಬಂದ ಅಭ್ಯರ್ಥಿಯನ್ನು ರೈಲು, ರಸ್ತೆ, ಕಾಲುವೆ ನೀರಿನ ಬಗ್ಗೆ ಪ್ರಶ್ನಿಸುವ ನಮ್ಮ ಬೆಳೆಗಾರರು ಆಮದು ಸುಂಕದ ಬಗ್ಗೆ ಮನವಿ ಪತ್ರ ಬರೆದು ಜಿಲ್ಲಾಧಿಕಾರಿಯವರ ಕೈಗೆ ಕೊಡುತ್ತಾರೆ. ಆ ಸುಂಕದ ಮೇಲೆ ಯಾವ ಅಧಿಕಾರವೂ ಇಲ್ಲದ ಅವರು ಅದನ್ನು ಪಡೆದು, ಸರ್ಕಾರಕ್ಕೆ ಕಳಿಸುವುದಾಗಿ ಹೇಳುತ್ತಾರೆ.