ಕಂಟ್ರೋಲರ್ ಇದ್ರೆ ಸಾಕಾ, ಅದರ ಜೊತೆ ಮಾತಾಡೋದ್ಯಾರು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಶಿವಮೊಗ್ಗದ ಒಂದು ಕಾಲೇಜಲ್ಲಿ ನೆಟ್‌ವರ್ಕ್ ನೋಡ್ಕೊಳ್ತೀನಿ. ಮೂರು ಬಿಲ್ಡಿಂಗು, ಎರಡು ಹಾಸ್ಟೆಲ್ಲು, ಸುಮಾರು ಅರವತ್ತು ಸ್ವಿಚ್ಚು, ಅದರ ಮೇಲೆ ವೈಫೈ. ಈಗ ಎಲ್ಲಾನೂ ಒಂದು ಕಂಟ್ರೋಲರ್ ಕೆಳಗೆ ತರೋಣ ಅಂತ ಮ್ಯಾನೇಜ್‌ಮೆಂಟ್ ಹೇಳ್ತಿದೆ. ಮಾರೋಕೆ ಬಂದವರು ಮಾತ್ ಮಾತಿಗೂ ‘ನಾರ್ತ್‌ಬೌಂಡ್ ಎಪಿಐ ಇದೆ ಸಾರ್’ ಅಂತಾರೆ. ಅದು ಮಾಡೋದೇನು, ನಮ್ಮಂಥ ಕಡೆ ಅದು ಬೇಕಾ? – ಶಿವಮೊಗ್ಗದ ಓದುಗರು

ಉತ್ತರ: ಬೇಕು ಸಾರ್, ಖಂಡಿತ ಬೇಕು. ಕಂಟ್ರೋಲರ್ ಅಂದ್ರೆ ಎಲ್ಲಾ ಸ್ವಿಚ್ಚನ್ನೂ ಒಂದೇ ಕಡೆಯಿಂದ ನಡೆಸೋ ಸಾಫ್ಟ್‌ವೇರು, ಎಪಿಐ ಅಂದ್ರೆ ಒಂದು ಪ್ರೋಗ್ರಾಮು ಇನ್ನೊಂದರ ಜೊತೆ ಮಾತಾಡೋ ದಾರಿ. ದುಡ್ಡು ಕೊಟ್ಟು ಕಂಟ್ರೋಲರ್ ತರಿಸಿ ಆಮೇಲೂ ಅದರ ಸ್ಕ್ರೀನ್ ಮುಂದೆ ಕೂತು ಒಂದೊಂದೇ ಕ್ಲಿಕ್ ಮಾಡ್ತಾ ಇದ್ರೆ ಅದರ ಅರ್ಧ ಉಪಯೋಗ ಕೈಬಿಟ್ಟ ಹಾಗೆ.

ಈಗ ನಿಮ್ಮಲ್ಲಿ ಒಂದು ಹೊಸ ವಿಎಲ್ಯಾನ್ (ಅದೇ ಸ್ವಿಚ್ಚುಗಳ ಮೇಲೆ ಬೇರೆ ಮಾಡಿದ ಒಂದು ನೆಟ್‌ವರ್ಕ್) ಬೇಕು ಅಂದ್ರೆ ಏನಾಗತ್ತೆ ನೋಡಿ, ಒಂದೊಂದೇ ಸ್ವಿಚ್ಚಿಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದ ಲಾಗಿನ್ ಆಗಿ) ಕಮಾಂಡ್ ಹೊಡೀಬೇಕು, ಎಲ್ಲೋ ಒಂದು ಕಡೆ ಟ್ರಂಕ್ ಪೋರ್ಟಲ್ಲಿ (ಸ್ವಿಚ್ಚಿಂದ ಸ್ವಿಚ್ಚಿಗೆ ಹೋಗೋ ಪೋರ್ಟಲ್ಲಿ) ಆ ವಿಎಲ್ಯಾನ್ ಅಲೋ ಮಾಡೋದು ಬಿಟ್ಟುಹೋಗತ್ತೆ, ಸಂಜೆ ಹಾಸ್ಟೆಲ್ಲಿಂದ ಫೋನ್ ಬರತ್ತೆ. ಕಂಟ್ರೋಲರ್ ಬಂದಾಗ ಈ ಕೆಲಸ ಎರಡು ಭಾಗ ಆಗತ್ತೆ. ಕೆಳಗಡೆ ಕಂಟ್ರೋಲರ್ ಸ್ವಿಚ್ಚುಗಳ ಜೊತೆ ಮಾತಾಡತ್ತೆ, ಅದಕ್ಕೆ ನೆಟ್‌ಕಾನ್ಫ್, ಓಪನ್‌ಫ್ಲೋ, ಎಸ್‌ಎನ್‌ಎಂಪಿ ಅನ್ನೋ ಪ್ರೊಟೋಕಾಲುಗಳು, ಹಳೇ ಸ್ವಿಚ್ಚಾದ್ರೆ ಅದೇ ಎಸ್‌ಎಸ್‌ಎಚ್. ಇದು ಸೌತ್‌ಬೌಂಡ್. ಮೇಲ್ಗಡೆ ನಿಮ್ಮ ಪೈಥಾನ್ ಸ್ಕ್ರಿಪ್ಟು, ಆನ್ಸಿಬಲ್ ಥರದ ಆಟೊಮೇಶನ್ ಟೂಲು, ಕಾಲೇಜಿನ ಅಡ್ಮಿಷನ್ ಸಾಫ್ಟ್‌ವೇರು, ಇಂಥವು ಕಂಟ್ರೋಲರ್ ಜೊತೆ ಮಾತಾಡ್ತವೆ. ಇದು ನಾರ್ತ್‌ಬೌಂಡ್.

ನಮ್ಮ ಕಡೆ ತೋಟ ಇರೋರಿಗೆ ಇದು ಬೇಗ ಹಿಡಿಯತ್ತೆ. ಮಳೆ ಹಿಡಿಯೋಕೆ ಮುಂಚೆ ಯಜಮಾನ್ರು ರೈಟರಿಗೆ (ತೋಟದ ಕೆಲಸ ನೋಡ್ಕೊಳ್ಳೋರಿಗೆ) ‘ಕೆಳಗಿನ ತೋಟಕ್ಕೆ ಈ ವಾರ ಬೋರ್ಡೋ ಔಷಧಿ ಹೊಡೆಸಿಬಿಡಿ’ ಅಂತಾರೆ, ಅಷ್ಟೇ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಯಾವ ಕೊನೆಗಾರ (ಮರ ಹತ್ತೋ ಆಳು) ಯಾವ ಸಾಲಿಗೆ ಅನ್ನೋದೆಲ್ಲ ರೈಟರ ತಲೆನೋವು. ಯಜಮಾನ್ರು ರೈಟರಿಗೆ ಹೇಳಿದ್ದು ನಾರ್ತ್‌ಬೌಂಡ್, ರೈಟರು ಕೊನೆಗಾರರಿಗೆ ಹೇಳಿದ್ದು ಸೌತ್‌ಬೌಂಡ್. ಏನು ಆಗ್ಬೇಕು ಅಂತ ಹೇಳೋದು ಮೇಲೆ, ಹೇಗೆ ಅನ್ನೋದು ಕೆಳಗೆ. ಇದನ್ನೇ ಈಗ ಇಂಟೆಂಟ್ ಅಂತಾರೆ.

ಇನ್ನು ನಿಜವಾಗಿ ಏನ್ ನಡೆಯತ್ತೆ ಅಂತ ಹತ್ತಿರದಿಂದ ನೋಡೋಣ. ಸಿಸ್ಕೊ ಕಂಪನಿಯ ಕಂಟ್ರೋಲರ್ ಕ್ಯಾಟಲಿಸ್ಟ್ ಸೆಂಟರ್ (ಮೊದಲು ಡಿಎನ್‌ಎ ಸೆಂಟರ್ ಅಂತಿತ್ತಲ್ಲ, ಅದೇ) ತಗೊಳ್ಳಿ. ಮೊದಲು ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಎಚ್‌ಟಿಟಿಪಿಎಸ್ ಮೇಲೆ ಒಂದು ಪೋಸ್ಟ್ ರಿಕ್ವೆಸ್ಟ್ (ಏನಾದ್ರೂ ಹೊಸದಾಗಿ ಮಾಡಿಸೋ ಕೋರಿಕೆ) ಕಳಿಸ್ತೀರಿ, ಅದು ಉದ್ದದ ಒಂದು ಟೋಕನ್ (ಪಾಸ್ ಥರದ ಗುಟ್ಟಿನ ಅಕ್ಷರಸಾಲು) ಕೊಡತ್ತೆ, ಒಂದು ಗಂಟೆ ನಡೆಯತ್ತೆ. ಆಮೇಲಿನ ಪ್ರತಿ ರಿಕ್ವೆಸ್ಟಿನ ಹೆಡರಲ್ಲೂ ಆ ಟೋಕನ್ ಇಟ್ಟು ಕಳಿಸ್ಬೇಕು. ನೆಟ್‌ವರ್ಕ್ ಡಿವೈಸ್ ಪಟ್ಟಿ ಕೊಡಪ್ಪಾ ಅಂತ ಒಂದು ಗೆಟ್ (ಮಾಹಿತಿ ಓದೋ ಕೋರಿಕೆ) ಕಳಿಸಿದ್ರೆ ಜೇಸನ್ ಅನ್ನೋ ಟೆಕ್ಸ್ಟ್ ರೂಪದಲ್ಲಿ ಅಷ್ಟೂ ಸ್ವಿಚ್ಚಿನ ಹೋಸ್ಟ್‌ನೇಮು, ಮ್ಯಾನೇಜ್‌ಮೆಂಟ್ ಐಪಿ, ಸೀರಿಯಲ್ ನಂಬರು, ಸಾಫ್ಟ್‌ವೇರ್ ವರ್ಶನ್ನು, ಈಗ ಕೈಗೆ ಸಿಗ್ತಿದ್ಯಾ ಇಲ್ವಾ ಅನ್ನೋ ಸ್ಟೇಟಸ್ಸು ಎಲ್ಲ ಒಂದೇ ಸಲಕ್ಕೆ ಬರತ್ತೆ. ಆಡಿಟ್‌ಗೆ ಅಂತ ಎಕ್ಸೆಲ್ ಶೀಟಲ್ಲಿ ಕೂತು ತುಂಬಿಸೋ ಕೆಲಸ ಇದೆಯಲ್ಲ, ಅದು ಅಲ್ಲಿಗೇ ಮುಗೀತು.

ಬದಲಾವಣೆ ಮಾಡೋ ರಿಕ್ವೆಸ್ಟಲ್ಲಿ ಒಂದು ವಿಷಯ ಗಮನ ಇರ್ಲಿ. ಉತ್ತರದ ಕೋಡ್ 202 ಅಂತ ಬಂದ್ರೆ ಕೆಲಸ ಆಯ್ತು ಅಂತಲ್ಲ, ನಿಮ್ಮ ಮಾತು ಕೇಳಿಸ್ಕೊಂಡಿದೀನಿ ಅಂತ ಅಷ್ಟೇ. ಜೊತೆಗೆ ಒಂದು ಟಾಸ್ಕ್ ಐಡಿ ಕೊಟ್ಟಿರತ್ತೆ, ಅದನ್ನಿಟ್ಕೊಂಡು ಸ್ವಲ್ಪ ಹೊತ್ತು ಬಿಟ್ಟು ‘ಆಯ್ತಾ?’ ಅಂತ ಮತ್ತೆ ಕೇಳ್ಬೇಕು. ಹೊಸಬರ ಸ್ಕ್ರಿಪ್ಟುಗಳು ಎಡವೋದು ಹೆಚ್ಚಾಗಿ ಇಲ್ಲೇ, 202 ನೋಡಿ ಮುಂದಿನ ಹೆಜ್ಜೆಗೆ ಹೋಗ್ಬಿಡ್ತವೆ, ಅಲ್ಲಿ ಸ್ವಿಚ್ಚಿಗೆ ಇನ್ನೂ ಕಾನ್ಫಿಗರೇಶನ್ನೇ ಹೋಗಿರಲ್ಲ.

ನಿಮ್ಮ ಕಾಲೇಜಿಗೆ ಇದರ ಉಪಯೋಗ ಎಲ್ಲಿ ಅಂದ್ರೆ, ಅಡ್ಮಿಷನ್ ಆದ ಹುಡುಗನ ಹೆಸರು ಆಫೀಸಿನ ಸಾಫ್ಟ್‌ವೇರಿಗೆ ಏರಿದ ಕೂಡ್ಲೇ ವೈಫೈ ಅಕೌಂಟ್ ಆಗ್ಬೇಕು, ಟಿಸಿ ತಗೊಂಡ ದಿನ ಅದು ಹೋಗ್ಬೇಕು, ಪ್ರಾಕ್ಟಿಕಲ್ ಪರೀಕ್ಷೆ ದಿನ ಬೆಳಿಗ್ಗೆ ಲ್ಯಾಬುಗಳ ಇಂಟರ್ನೆಟ್ ಬಂದ್ ಆಗಿ ಮಧ್ಯಾಹ್ನ ತಾನಾಗೇ ವಾಪಸ್ ಬರ್ಬೇಕು. ಇದು ಯಾವುದೂ ಸ್ವಿಚ್ಚಿನ ಭಾಷೆ ಅಲ್ಲ, ಕಾಲೇಜಿನ ಭಾಷೆ. ಕಾಲೇಜಿನ ಭಾಷೆ ಕಂಟ್ರೋಲರ್‌ಗೆ ತಲುಪೋ ದಾರಿ ಈ ಎಪಿಐ ಒಂದೇ.

ಆದ್ರೆ ಕೊಳ್ಳೋಕೆ ಮುಂಚೆ ಕೇಳ್ಲೇಬೇಕಾದ ಮಾತುಗಳಿವೆ. ಕೆಳಗಿನ ಕಡೆಗೆ ಓಪನ್‌ಫ್ಲೋ, ನೆಟ್‌ಕಾನ್ಫ್ ಥರ ಎಲ್ಲರೂ ಒಪ್ಪಿದ ಸ್ಟ್ಯಾಂಡರ್ಡ್ ಇವೆ, ಮೇಲಿನ ಕಡೆಗೆ ಅಂಥದ್ದು ಒಂದು ನಿಂತಿಲ್ಲ. ಓಪನ್ ನೆಟ್‌ವರ್ಕಿಂಗ್ ಫೌಂಡೇಶನ್ ಅನ್ನೋ ಸಂಸ್ಥೆ 2013ರಲ್ಲಿ ಇದಕ್ಕೆ ಅಂತಲೇ ಒಂದು ವರ್ಕಿಂಗ್ ಗ್ರೂಪ್ ಮಾಡ್ತು, ಆದ್ರೂ ಇವತ್ತಿಗೂ ಒಬ್ಬೊಬ್ಬ ವೆಂಡರದ್ದು ಒಂದೊಂದು ಥರ. ಇವತ್ತು ಒಂದು ಕಂಟ್ರೋಲರ್‌ಗೆ ಬರೆದ ಸ್ಕ್ರಿಪ್ಟು ನಾಳೆ ಇನ್ನೊಂದಕ್ಕೆ ನಡೆಯಲ್ಲ. ಹಾಗಾಗಿ ಯಾವ ಬಿಲ್ಡಿಂಗಿಗೆ ಯಾವ ವಿಎಲ್ಯಾನ್, ಯಾರಿಗೆ ಯಾವ ಪಾಲಿಸಿ ಅನ್ನೋ ಲೆಕ್ಕಾನ ನಿಮ್ಮದೇ ಫೈಲಲ್ಲಿ ಇಟ್ಕೊಳ್ಳಿ, ಕಂಟ್ರೋಲರ್ ಒಳಗೆ ಮಾತ್ರ ಬಿಡಬೇಡಿ, ನಾಳೆ ವೆಂಡರ್ ಬದಲಾದ್ರೆ ಕರೆಯೋ ಭಾಗ ಅಷ್ಟೇ ಹೊಸದಾಗಿ ಬರೀಬಹುದು. ಸ್ಕ್ರೀನಲ್ಲಿ ಆಗೋ ಕೆಲಸ ಎಲ್ಲಾ ಎಪಿಐನಲ್ಲೂ ಆಗತ್ತಾ, ಎಪಿಐಗೆ ಬೇರೆ ಲೈಸೆನ್ಸ್ ದುಡ್ಡಾ, ಬರೀ ಓದೋಕೆ ಮಾತ್ರ ಬಿಡೋ ಅಕೌಂಟ್ ಮಾಡ್ಬಹುದಾ, ಇವನ್ನ ಬಾಯಲ್ಲಿ ಅಲ್ಲ, ಬರವಣಿಗೆಯಲ್ಲೇ ಇಸ್ಕೊಳ್ಳಿ. ಕೊನೇದು ಬಹಳ ಮುಖ್ಯ ಮಾರಾಯ್ರೆ, ಆ ಟೋಕನ್ ಯಾರ ಕೈಗೆ ಸಿಕ್ತೋ ಅವರ ಕೈಗೆ ಒಂದು ಸ್ವಿಚ್ಚಲ್ಲ, ಅರವತ್ತೂ ಸಿಕ್ಕಿದ ಹಾಗೆ. ಪಾಸ್‌ವರ್ಡನ್ನ ಸ್ಕ್ರಿಪ್ಟ್ ಒಳಗೇ ಬರೆದು ವಾಟ್ಸಾಪ್ ಗ್ರೂಪಲ್ಲಿ ಹಾಕೋದು ನಿಲ್ಲಬೇಕು.

ಪ್ರಶ್ನೆ: ಸಿಸಿಎನ್‌ಎಗೆ (ಸಿಸ್ಕೊದ ನೆಟ್‌ವರ್ಕಿಂಗ್ ಪರೀಕ್ಷೆ) ಓದ್ತಿದೀನಿ. ಓಪನ್‌ಫ್ಲೋ ನಾರ್ತಾ ಸೌತಾ? ರೆಸ್ಟ್‌ಕಾನ್ಫ್ ಎರಡೂ ಕಡೆ ಕಾಣ್ತಿದೆ, ಗೊಂದಲ ಆಗ್ತಿದೆ. – ಸಾಗರದ ವಿದ್ಯಾರ್ಥಿನಿ

ಉತ್ತರ: ಪ್ರೊಟೋಕಾಲ್ ಹೆಸರು ಉರು ಹೊಡೀಬೇಡಮ್ಮ, ಯಾರು ಯಾರ ಜೊತೆ ಮಾತಾಡ್ತಿದಾರೆ ಅಂತ ನೋಡು. ಕಂಟ್ರೋಲರ್ ಸ್ವಿಚ್ಚಿನ ಜೊತೆ ಮಾತಾಡಿದ್ರೆ ಸೌತು, ಆ್ಯಪ್ಲಿಕೇಶನ್ ಕಂಟ್ರೋಲರ್ ಜೊತೆ ಮಾತಾಡಿದ್ರೆ ನಾರ್ತು. ಓಪನ್‌ಫ್ಲೋ ಸೌತ್‌ಬೌಂಡೇ, ಟಿಸಿಪಿ ಪೋರ್ಟ್ 6653. ನೆಟ್‌ಕಾನ್ಫೂ ಹೆಚ್ಚಾಗಿ ಸೌತೇ, ಪೋರ್ಟ್ 830. ರೆಸ್ಟ್‌ಕಾನ್ಫ್ (2017ರ ಆರ್‌ಎಫ್‌ಸಿ 8040 ಅನ್ನೋ ಇಂಟರ್ನೆಟ್ ಸ್ಟ್ಯಾಂಡರ್ಡ್ ದಾಖಲೆಯದ್ದು) ಮಾತ್ರ ಎರಡು ಕಡೆನೂ ಬರತ್ತೆ, ನೇರ ರೂಟರಿಗೆ ಕಂಟ್ರೋಲರ್ ಅದರಲ್ಲೇ ಮಾತಾಡಬಹುದು, ಓಪನ್‌ಡೇಲೈಟ್ ಅನ್ನೋ ಕಂಟ್ರೋಲರ್ ಅದನ್ನೇ ತನ್ನ ನಾರ್ತ್‌ಬೌಂಡ್ ಆಗಿ ಕೊಡತ್ತೆ. ನಿನ್ನ ಗೊಂದಲ ತಪ್ಪಲ್ಲ. ಪರೀಕ್ಷೆಯಲ್ಲಿ ‘ರೆಸ್ಟ್ ಎಪಿಐ, ಜೇಸನ್, ಕಂಟ್ರೋಲರ್ ಮೇಲೆ ಆ್ಯಪ್ಲಿಕೇಶನ್’ ಅಂತ ಕಂಡ್ರೆ ನಾರ್ತ್ ಅಂತ ಬರಿ. ರೆಸ್ಟ್ ಅಂದ್ರೆ ಗೆಟ್, ಪೋಸ್ಟ್ ಥರದ ವೆಬ್ ರಿಕ್ವೆಸ್ಟಲ್ಲಿ ಮಾತಾಡೋ ಎಪಿಐ. ಗೆಟ್, ಪೋಸ್ಟ್, ಪುಟ್, ಪ್ಯಾಚ್, ಡಿಲೀಟ್ ಯಾವುದು ಏನ್ ಮಾಡತ್ತೆ, 401, 403 ಅನ್ನೋ ಎರರ್ ಕೋಡುಗಳಿಗೆ ಏನು ವ್ಯತ್ಯಾಸ, ಇಷ್ಟು ಗಟ್ಟಿ ಮಾಡ್ಕೋ.

ಪ್ರಶ್ನೆ: ನಮ್ಮದು ಸಹಕಾರಿ ಸೊಸೈಟಿ, ತೀರ್ಥಹಳ್ಳಿಯಲ್ಲಿ ಹೆಡ್ಡಾಫೀಸು, ಆಗುಂಬೆ ಕಡೆ ಬ್ರಾಂಚುಗಳು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ಲಿಂಕೂ ಇಲ್ಲ. ಕಂಟ್ರೋಲರ್ ಆಫ್ ಆದ್ರೆ ಇಡೀ ನೆಟ್‌ವರ್ಕ್ ನಿಲ್ಲತ್ತಾ? ಸ್ಕ್ರಿಪ್ಟ್ ಅರ್ಧಕ್ಕೆ ನಿಂತ್ರೆ? – ತೀರ್ಥಹಳ್ಳಿಯ ಓದುಗರು

ಉತ್ತರ: ಸಾಮಾನ್ಯವಾಗಿ ನಿಲ್ಲಲ್ಲ. ಸ್ವಿಚ್ಚು, ರೂಟರು ಆಗ್ಲೇ ಕಲಿತಿರೋ ದಾರಿಯಲ್ಲಿ ಪ್ಯಾಕೆಟ್ ಕಳಿಸ್ತಾ ಇರ್ತವೆ, ಕಂಟ್ರೋಲರ್ ಬರೋವರೆಗೂ ಹೊಸ ಬದಲಾವಣೆ ಮಾಡೋಕಾಗಲ್ಲ, ಹೊಸ ರಿಪೋರ್ಟ್ ಬರಲ್ಲ, ಅಷ್ಟೇ. ಶುದ್ಧ ಓಪನ್‌ಫ್ಲೋ ಸ್ವಿಚ್ಚಾದ್ರೆ ಸ್ವಲ್ಪ ಬೇರೆ: ಅಲ್ಲಿ ಫೇಲ್ ಸೆಕ್ಯೂರ್, ಫೇಲ್ ಸ್ಟ್ಯಾಂಡ್‌ಅಲೋನ್ ಅಂತ ಎರಡು ಮೋಡ್ ಇವೆ. ಮೊದಲನೇದರಲ್ಲಿ ಇರೋ ಫ್ಲೋಗಳು (ಪ್ಯಾಕೆಟ್ ಎಲ್ಲಿಗೆ ಕಳಿಸ್ಬೇಕು ಅನ್ನೋ ನಿಯಮಗಳು) ಟೈಮೌಟ್ ಆಗೋವರೆಗೆ ನಡೀತವೆ, ಎರಡನೇದರಲ್ಲಿ ಅದು ಮಾಮೂಲಿ ಸ್ವಿಚ್ ಥರ ಆಗ್ಬಿಡತ್ತೆ, ಸ್ವಿಚ್ಚಲ್ಲಿ ಆ ಸೌಲಭ್ಯ ಇದ್ರೆ ಮಾತ್ರ. ಬ್ರಾಂಚಿಗೆ ಎರಡನೇದೇ ವಾಸಿ ಅಂತ ನನಗನ್ನಿಸತ್ತೆ.

ಸ್ಕ್ರಿಪ್ಟ್ ಅರ್ಧಕ್ಕೆ ನಿಲ್ಲೋ ಭಯ ಮಾತ್ರ ನಿಜ, ನಮ್ಮ ಕಡೆ ಅದನ್ನ ಲೆಕ್ಕಕ್ಕಿಟ್ಟೇ ಬರೀಬೇಕು. ಪುಟ್ ರಿಕ್ವೆಸ್ಟನ್ನ ಎರಡು ಸಲ ಕಳಿಸಿದ್ರೂ ಫಲ ಒಂದೇ, ‘ಈ ಪಾಲಿಸಿ ಹೀಗಿರಲಿ’ ಅಂತ ಎರಡು ಸಲ ಹೇಳಿದ ಹಾಗೆ. ಪೋಸ್ಟ್ ಹಾಗಲ್ಲ, ಎರಡು ಸಲ ಹೋದ್ರೆ ಒಂದೇ ಪಾಲಿಸಿ ಎರಡಾಗಿ ಕೂತಿರಬಹುದು. ಹಾಗಾಗಿ ಕರೆಂಟ್ ಬಂದ ಮೇಲೆ ಸ್ಕ್ರಿಪ್ಟ್ ಮತ್ತೆ ಶುರು ಆದಾಗ ಮೊದಲು ಒಂದು ಗೆಟ್ ಮಾಡಿ ‘ಇದು ಆಗ್ಲೇ ಇದೆಯಾ’ ಅಂತ ನೋಡ್ಬೇಕು, ಇಲ್ಲದಿದ್ರೆ ಮಾತ್ರ ಪೋಸ್ಟ್.

ಇನ್ನೊಂದು ದೊಡ್ಡ ಉಪಯೋಗ, ಎಷ್ಟೋ ಕಂಟ್ರೋಲರ್‌ಗಳು ವೆಬ್‌ಹುಕ್ ಕೊಡ್ತವೆ. ಬ್ರಾಂಚಿನ ಲಿಂಕ್ ಬಿದ್ದ ಕೂಡ್ಲೇ ಕಂಟ್ರೋಲರ್ ತಾನಾಗೇ ನಿಮ್ಮ ಪ್ರೋಗ್ರಾಮಿಗೆ ಸುದ್ದಿ ಕಳಿಸತ್ತೆ, ಅದು ನಿಮ್ಮ ಮೊಬೈಲಿಗೆ ಮೆಸೇಜ್ ಮಾಡತ್ತೆ, ಬ್ರಾಂಚಿನವರು ಕೌಂಟರಲ್ಲಿ ಜನ ನಿಲ್ಲಿಸ್ಕೊಂಡು ಫೋನ್ ಮಾಡೋವರೆಗೂ ಕಾಯೋದು ಬೇಡ. ಆ ಸುದ್ದಿಗಳನ್ನ ತಾರೀಖು, ಟೈಮ್ ಸಮೇತ ಒಂದು ಫೈಲಲ್ಲಿ ಸೇರಿಸ್ತಾ ಹೋಗಿ, ಮಳೆಗಾಲ ಮುಗಿದಾಗ ಯಾವ ಲಿಂಕು ಎಷ್ಟು ಸಲ ಬಿದ್ದಿದೆ ಅಂತ ಸರ್ವಿಸ್ ಕೊಡೋರ ಮುಂದೆ ಇಡೋಕೆ ಕೈಯಲ್ಲಿ ದಾಖಲೆ ಇರತ್ತೆ.

ಪ್ರಶ್ನೆ: ಸ್ವಿಚ್ ಕೊಳ್ಳೋಕೆ ದುಡ್ಡಿಲ್ಲ, ಮನೇಲಿ ಒಂದು ಲ್ಯಾಪ್‌ಟಾಪ್ ಇದೆ. ಕಲಿಯೋದು ಹೇಗೆ? – ಭದ್ರಾವತಿಯ ಓದುಗರು

ಉತ್ತರ: ಲ್ಯಾಪ್‌ಟಾಪ್ ಸಾಕು. ಉಬುಂಟು ಮೇಲೆ ಮಿನಿನೆಟ್ ಹಾಕಿ, ಎರಡೂ ಫ್ರೀ. ಅದು ಲ್ಯಾಪ್‌ಟಾಪಿನ ಒಳಗೇ ಸ್ವಿಚ್ಚು, ಕಂಪ್ಯೂಟರುಗಳನ್ನ ಮಾಡಿ ಕೊಡತ್ತೆ, ಏನೂ ಹೇಳದಿದ್ರೆ ಒಂದು ಸ್ವಿಚ್ಚು ಎರಡು ಹೋಸ್ಟು. ಪಕ್ಕದಲ್ಲಿ ಓಪನ್‌ಡೇಲೈಟ್ ಓಡಿಸಿ, ಓಪನ್‌ಫ್ಲೋ ಮತ್ತೆ ರೆಸ್ಟ್‌ಕಾನ್ಫ್ ಫೀಚರುಗಳನ್ನ ನೀವೇ ಇನ್‌ಸ್ಟಾಲ್ ಮಾಡ್ಕೋಬೇಕು, ಅದರ ಎಪಿಐ 8181 ಪೋರ್ಟಲ್ಲಿ ಸಿಗತ್ತೆ. ದೊಡ್ಡ ಕಂಟ್ರೋಲರ್ ನೋಡ್ಬೇಕು ಅಂದ್ರೆ ಸಿಸ್ಕೊ ಡೆವ್‌ನೆಟ್‌ನ ಸ್ಯಾಂಡ್‌ಬಾಕ್ಸ್ (ಅಭ್ಯಾಸಕ್ಕೆ ಬಿಟ್ಟಿರೋ ಲ್ಯಾಬ್) ಫ್ರೀ ಇದೆ, ನೆಟ್ ಇದ್ರೆ ಸಾಕು. ಪೈಥಾನ್ ಬರದಿದ್ರೂ ಪೋಸ್ಟ್‌ಮ್ಯಾನ್ ಅನ್ನೋ ಎಪಿಐ ಟೂಲಲ್ಲಿ ಶುರು ಮಾಡಿ, ಮೊದಮೊದಲು ಗೆಟ್ ಮಾತ್ರ ಕಳಿಸಿ, ಬಂದ ಜೇಸನ್ನ ಸಾಲು ಸಾಲಾಗಿ ಓದಿ. ಅದರಲ್ಲಿ ‘ಓಪನ್‌ಫ್ಲೋ:1’ ಅನ್ನೋ ನೋಡ್ ಕಂಡ್ರೆ ಮಿನಿನೆಟ್ಟಿನ ಸ್ವಿಚ್ಚು ಕಂಟ್ರೋಲರ್‌ಗೆ ಸಿಕ್ಕಿದೆ ಅಂತ ಅರ್ಥ, ಕಾಣ್ಲಿಲ್ಲ ಅಂದ್ರೆ ಮಿನಿನೆಟ್ ಶುರು ಮಾಡುವಾಗ ಕೊಟ್ಟ ಕಂಟ್ರೋಲರ್ ಐಪಿ ಸರಿ ಇದೆಯಾ ಅಂತ ಮೊದಲು ನೋಡಿ.