ಒಂದು ವಾರ ಒಟ್ಟಿಗೆ ಕುಳಿತರೆ ಶಾಸನಗಳಲ್ಲಿ ಪದ ಹುಡುಕುವ ತಂತ್ರಾಂಶ ಸಿದ್ಧವಾಗುತ್ತದೆಯೇ? ಯಾವ ತಂತ್ರಜ್ಞಾನ ಬಳಸಬೇಕು?

ಮೂವರು ಕನ್ನಡ ಅಧ್ಯಾಪಕರು, ಇಬ್ಬರು ಪ್ರೋಗ್ರಾಮರುಗಳು, ಒಂದು ವಾರದ ರಜೆ, ಒಂದು ತಾಲ್ಲೂಕಿನ ಶಾಸನಗಳು: ನಿಮ್ಮ ಈ ಲೆಕ್ಕಾಚಾರ ಓದಿದಾಗ ನಮ್ಮ ತಂಡದ ಹಳೆಯ ಮಿಂಚಂಚೆಯನ್ನೇ ಯಾರೋ ತೆಗೆದು ಇಲ್ಲಿ ಹಾಕಿದ್ದಾರೆ ಎನ್ನಿಸಿತು. ಆ ತಂಡದಲ್ಲಿ ನಾನು ಪ್ರೋಗ್ರಾಮರ್. ಹಳಗನ್ನಡದ ಪರಿಚಯ ಪಿಯುಸಿ ಪಠ್ಯಕ್ಕೇ ನಿಂತಿತ್ತು. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನ ಸಂಪುಟಗಳ ಮಾಲೆಯಲ್ಲಿ ನಮ್ಮ ತಾಲ್ಲೂಕಿನ ಶಾಸನಗಳೂ ಇದ್ದವು. ಅಧ್ಯಾಪಕರು ಶಾಸನಪಾಠವನ್ನು ಕಲ್ಲಿನ ಸಾಲುಗಳ ಪ್ರಕಾರವೇ ಸಂಖ್ಯೆ ಹಾಕಿ, ಕಷ್ಟಪಟ್ಟು ಟೈಪು ಮಾಡಿಸಿ ಕೊಟ್ಟಿದ್ದರು.

ನಾನು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರೋಗ್ರಾಮರುಗಳೂ ಅದನ್ನೇ ಮಾಡುವ ಸಂಭವವಿದೆ. ಶಾಸನ ಕೆತ್ತುವವನು ಸಾಲಿನ ತುದಿ ಬಂದರೆ ಪದದ ನಡುವೆಯೇ ಕೆಳಗಿನ ಸಾಲಿಗೆ ಇಳಿಯುತ್ತಾನೆ. ಒಂದು ಸಾಲಿನ ಕೊನೆಯಲ್ಲಿ ‘ಮಹಾಸಾ’ ಇದ್ದರೆ ಮುಂದಿನದರ ಆರಂಭದಲ್ಲಿ ‘ಮನ್ತ’ ಇರುತ್ತದೆ. ಹೀಗಾಗಿ ‘ಮಹಾಸಾಮಂತ’ ಎಂದು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ನಾನು ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು ಸಾಲುಗಳನ್ನೆಲ್ಲ ಕೂಡಿಸಿದೆ. ‘ನ್ತ’, ‘ಣ್ಡ’ ಇದ್ದಲ್ಲಿ ಅನುಸ್ವಾರ ಹಾಕಿದೆ, ‘ಧರ್ಮ್ಮ’ವನ್ನು ‘ಧರ್ಮ’ ಮಾಡಿದೆ, ಹಳಗನ್ನಡದ ೞ ಮತ್ತು ಱ ಅಕ್ಷರಗಳನ್ನು ಳ ಮತ್ತು ರ ಮಾಡಿದೆ, ಹುಡುಕಾಟಕ್ಕೆ ಅಡ್ಡ ಬರುತ್ತವೆಂದು ಚೌಕ ಆವರಣಗಳನ್ನೂ ಕಿತ್ತುಹಾಕಿದೆ. ಇಷ್ಟನ್ನೂ ಪ್ರತಿ ಇಟ್ಟುಕೊಳ್ಳದೆ ಮೂಲ ಕಡತಗಳ ಮೇಲೆಯೇ ಮಾಡಿದೆ. (ೞಕ್ಕೆ ಗಣಕದ ಅಕ್ಷರಸಂಕೇತ ಪಟ್ಟಿಯಾದ ಯೂನಿಕೋಡಿನಲ್ಲಿ ಜಾಗ ಇದ್ದೇ ಇದೆ, ಹೆಸರು ಮಾತ್ರ ‘ಕನ್ನಡ ಲೆಟರ್ ಫಾ’ ಎಂದು ತಪ್ಪಾಗಿ ದಾಖಲಾಗಿ, ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನಿಯಮದಿಂದಾಗಿ ಹಾಗೆಯೇ ಉಳಿದಿದೆ.)

ಹುಡುಕಾಟ ಸೊಗಸಾಗಿ ನಡೆಯಿತು, ಎಲ್ಲರೂ ಮೆಚ್ಚಿದರು. ಆಮೇಲೆ ತಂಡದ ಹಿರಿಯ ಮೇಡಂ ಒಂದು ಫಲಿತಾಂಶವನ್ನು ನೋಡುತ್ತಾ, ‘ಇದು ಎಷ್ಟನೆಯ ಸಾಲಿನಲ್ಲಿದೆ?’ ಎಂದು ಕೇಳಿದರು. ಹೇಳಲು ದಾರಿಯೇ ಇರಲಿಲ್ಲ. ಶಾಸನದ ಪದವೊಂದನ್ನು ಉಲ್ಲೇಖಿಸುವಾಗ ಸಂಶೋಧಕರಿಗೆ ಸಾಲಿನ ಸಂಖ್ಯೆ ಬೇಕು. ಅದಕ್ಕಿಂತ ದೊಡ್ಡ ಹಾನಿ ಆವರಣಗಳದ್ದು: ಕಲ್ಲು ಸವೆದು ಅಕ್ಷರ ಅಳಿಸಿಹೋದ ಕಡೆ ಸಂಪಾದಕರು ಊಹಿಸಿ ತುಂಬಿದ ಪಾಠವನ್ನು ಆವರಣದಲ್ಲಿ ಇಡುತ್ತಾರೆ. ನನ್ನ ಕೃಪೆಯಿಂದ ಅವರ ಊಹೆಯೆಲ್ಲ ಕಲ್ಲಿನ ಮಾತೇ ಆಗಿಬಿಟ್ಟಿತ್ತು. ತೇದಿಯಿಲ್ಲದ ಶಾಸನದ ಕಾಲವನ್ನು ಅಂದಾಜು ಮಾಡುವವರಿಗೆ ೞ ಉಳಿದಿದೆಯೋ, ಳ ಆಗಿದೆಯೋ ಎಂಬುದೂ ಒಂದು ಆಧಾರ. ಅದನ್ನೂ ನಾನೇ ಒರೆಸಿಹಾಕಿದ್ದೆ. ಮುದ್ರಿತ ಪುಟಗಳನ್ನು ಮತ್ತೆ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಬೇಕಾಯಿತು. ಆ ಕೆಲಸ ಮುಗಿಯುವ ಹೊತ್ತಿಗೆ ತಂಡದ ಅರ್ಧ ಜನ ಬೇರೆ ಕೆಲಸಗಳಿಗೆ ಹೋಗಿದ್ದರು.

ಇದು ನನ್ನ ಅಜ್ಞಾನದಿಂದ ಮಾತ್ರ ಆದದ್ದಲ್ಲ. ಒಂದೇ ಕಟ್ಟಡದಲ್ಲಿದ್ದರೂ ಅಧ್ಯಾಪಕರು ಒಂದು ಕೋಣೆಯಲ್ಲಿ ಕರಡು ತಿದ್ದುತ್ತಿದ್ದರು, ನಾವು ಇನ್ನೊಂದು ಕೋಣೆಯಲ್ಲಿ ಕೋಡ್ ಬರೆಯುತ್ತಿದ್ದೆವು. ಭೇಟಿಯಾಗುತ್ತಿದ್ದದ್ದು ಸಂಜೆಯ ಕಾಫಿಗೆ.

‘ಒನ್ ವೀಕ್ ಒನ್ ಟೂಲ್’ ಮಾದರಿಯಲ್ಲಿ ಮಾಡುತ್ತೇವೆ ಎಂದು ನೀವು ಬರೆದಿದ್ದೀರಿ. 2010ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 12 ಮಂದಿ ಸೇರಿ ಒಂದೇ ವಾರದಲ್ಲಿ ‘ಆಂಥಾಲಜೈಸ್’ ಕಟ್ಟಿದ್ದು ನಿಜ. ಆದರೆ ಅದು ವರ್ಡ್‌ಪ್ರೆಸ್ ಜಾಲತಾಣಗಳ ಬರಹಗಳನ್ನು ಪುಸ್ತಕರೂಪಕ್ಕೆ ತರುವ ಪ್ಲಗಿನ್; ಅವರ ಪಠ್ಯ ಆಗಲೇ ಗಣಕದಲ್ಲಿ ಹುಟ್ಟಿದ್ದು, ಅದರಲ್ಲಿ ಸವೆದ ಅಕ್ಷರವಿರಲಿಲ್ಲ, ಪಾಠಾಂತರವಿರಲಿಲ್ಲ. ನಿಮ್ಮ ಕೈಯಲ್ಲಿರುವುದು ಕಲ್ಲು. ಆದ್ದರಿಂದ ‘ಒಂದು ವಾರ ಸಾಕೇ’ ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ವಾರ ಸಾಕು, ಆದರೆ ಆ ವಾರ ಜಾಲತಾಣ ಕಟ್ಟಬೇಡಿ. ಐದಾರು ಶಾಸನ ಆರಿಸಿಕೊಳ್ಳಿ: ಸವೆದು ಹೋದದ್ದೊಂದು, ೞ ಇರುವುದೊಂದು, ಕಂದ ವೃತ್ತಗಳಿರುವುದೊಂದು, ಸಂಸ್ಕೃತ ಕನ್ನಡ ಬೆರೆತದ್ದೊಂದು. ಒಬ್ಬ ಅಧ್ಯಾಪಕ, ಒಬ್ಬ ಪ್ರೋಗ್ರಾಮರ್ ಒಂದೇ ಮೇಜಿನಲ್ಲಿ ಅಕ್ಕಪಕ್ಕ ಕುಳಿತು ಅವನ್ನು ಎಪಿಡಾಕ್ ಪದ್ಧತಿಯಲ್ಲಿ, ಅಂದರೆ ಶಾಸನಪಾಠದೊಳಗೇ ಸಾಲು, ಊಹೆ ಮುಂತಾದವನ್ನು ಗುರುತಿಸಿ ಗಣಕದಲ್ಲಿ ದಾಖಲಿಸುವ ಕ್ರಮದಲ್ಲಿ, ಗುರುತು ಮಾಡಿ. ಗ್ರೀಕ್, ಲ್ಯಾಟಿನ್ ಶಾಸನಗಳಿಗಾಗಿ ಬೆಳೆದ ಪದ್ಧತಿಯಾದರೂ ನಮ್ಮದಕ್ಕೂ ಹೊಂದುತ್ತದೆ: ಹೊಸ ಸಾಲು ಆರಂಭವಾಗುವಲ್ಲಿ ‘ಎಲ್‌ಬಿ’ ಎಂಬ ಗುರುತು, ಪದ ಹಿಂದಿನ ಸಾಲಿನಿಂದ ಮುಂದುವರಿದಿದ್ದರೆ ಅದರೊಳಗೆ ‘ಬ್ರೇಕ್’ ಎದುರು ‘ನೋ’, ಊಹಿಸಿ ತುಂಬಿದ್ದಕ್ಕೆ ‘ಸಪ್ಲೈಡ್’. ನಾನು ತಿಣುಕಾಡಿದ ಸಮಸ್ಯೆಗೆ ಉತ್ತರ ಆಗಲೇ ಅಲ್ಲಿತ್ತು. ಅನುಸ್ವಾರ, ದ್ವಿತ್ವ, ೞ–ಳಗಳನ್ನು ಸಮೀಕರಿಸುವ ಕೆಲಸವೆಲ್ಲ ಹುಡುಕಾಟಕ್ಕೆಂದೇ ಬೇರೆಯಾಗಿ ಮಾಡಿದ ಪಟ್ಟಿಯಲ್ಲಿ ಮಾತ್ರ ನಡೆಯಬೇಕು. ಮೂಲಪಾಠವನ್ನು ಯಾವ ಸ್ಕ್ರಿಪ್ಟೂ ಮುಟ್ಟಬಾರದು.

ಪೈಥಾನೋ ಜಾವಾಸ್ಕ್ರಿಪ್ಟೋ ಎಂದು ಕೇಳಿದ್ದೀರಿ. ನಿಮ್ಮವರಿಗೆ ಯಾವುದು ಬರುತ್ತದೋ ಅದು. ಹಣ ಸ್ವಲ್ಪ ಇದೆ, ಮೂರನೆಯ ಪ್ರೋಗ್ರಾಮರನ್ನು ಕರೆಯೋಣವೇ ಎಂದೂ ಕೇಳಿದ್ದೀರಿ. ಬೇಡ. ಆ ಹಣವನ್ನು ಕಲ್ಲಿನಿಂದ ಕಾಗದಕ್ಕೆ ಒತ್ತಿ ತೆಗೆದ ಶಾಸನದ ಪಡಿಯಚ್ಚನ್ನು ನೋಡಿ ಓದಬಲ್ಲ ಒಬ್ಬ ನಿವೃತ್ತ ಅಧ್ಯಾಪಕರಿಗೆ ಸಂಭಾವನೆಯಾಗಿ ಕೊಡಿ, ಮತ್ತು ಅವರ ಕುರ್ಚಿಯನ್ನು ಪ್ರೋಗ್ರಾಮರುಗಳ ಕೋಣೆಯಲ್ಲೇ ಹಾಕಿ.