ಕೋಲು ಬಿದ್ದಾಗ ನಕ್ಕ ಮಕ್ಕಳು

ಸಂಪಾದಕರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದವರು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಹೆಸರು ಹಾಕಬೇಡಿ ಅಂದಿದ್ದಾರೆ. ವಾರವಿಡೀ ಅಂಗಡಿ ಕೆಲಸ, ರಜೆ ಸಿಕ್ಕಿದಾಗ ಜಾದೂ. ಪತ್ರದ ಮುಖ್ಯ ಭಾಗ ಇಷ್ಟು:

"ಮೊನ್ನೆ ಒಂದು ಅಂಗನವಾಡಿಯಲ್ಲಿ ಮುಕ್ಕಾಲು ಗಂಟೆ ಜಾದೂ ಮಾಡಿದೆ. ಮೂರರಿಂದ ಐದು ವರ್ಷದ ಮಕ್ಕಳು. ಖಾಲಿ ಪೆಟ್ಟಿಗೆಯಿಂದ ಪಾರಿವಾಳ ತೆಗೆದೆ. ಯಾರಿಗೂ ಆಶ್ಚರ್ಯ ಆಗಲಿಲ್ಲ. ಒಬ್ಬಳು 'ಅದಕ್ಕೆ ಹಸಿವಾಗ್ತದಾ?' ಅಂತ ಕೇಳಿದಳು. ಒಬ್ಬ ಹುಡುಗನ ಕಿವಿಯಿಂದ ನಾಣ್ಯ ತೆಗೆದೆ, ಅವನು ಅತ್ತುಬಿಟ್ಟ. ಕೊನೆಗೆ ಕೈ ಜಾರಿ ಮಂತ್ರದ ಕೋಲು ಬಿತ್ತು. ಹೆಕ್ಕಲು ಬಗ್ಗಿದಾಗ ಟೊಪ್ಪಿಯೂ ಬಿತ್ತು. ಆಗ ನಕ್ಕರು ನೋಡಿ, ಐದು ನಿಮಿಷ ನಿಲ್ಲಲೇ ಇಲ್ಲ. ಟೀಚರ್ 'ಮುಂದಿನ ಸಲ ಕಾಮಿಡಿ ಜಾಸ್ತಿ ಹಾಕಿ' ಅಂದರು. ಎಂಟು ವರ್ಷ ಕಲಿತ ವಿದ್ಯೆಯನ್ನು ಮಂಗಚೇಷ್ಟೆ ಮಾಡಬೇಕಾ? ಇಷ್ಟು ಸಣ್ಣ ಮಕ್ಕಳಿಗೆ ಜಾದೂವೇ ಬೇಡ ಅಂತ ನನ್ನ ತೀರ್ಮಾನ. ನೀವೇನು ಹೇಳ್ತೀರಿ?"

ಮೊದಲು ನಿಮ್ಮ ಪರವಾಗಿ ಒಂದು ಮಾತು. ಜಾದೂ ಮರ್ಯಾದೆಯ ವಿದ್ಯೆ. ಬೀದಿಯಲ್ಲಿ ಬಟ್ಟೆ ಹಾಸಿ ತೋರಿಸುತ್ತಿದ್ದ ಕಣ್ಕಟ್ಟನ್ನು ಪಿ. ಸಿ. ಸರ್ಕಾರ್ ಮಹಾರಾಜನ ಪೇಟ ತೊಟ್ಟು ಲೋಕದ ದೊಡ್ಡ ದೊಡ್ಡ ವೇದಿಕೆಗಳಿಗೆ ಕೊಂಡುಹೋದರು. 1971ರಲ್ಲಿ ತೀರಿಕೊಂಡದ್ದೂ ಜಪಾನಿನಲ್ಲಿ, ಜಾದೂ ತಿರುಗಾಟದ ನಡುವೆಯೇ. ಇತ್ತ ಕೇರಳದಲ್ಲಿ ವಾಳಕುನ್ನಂ ನಂಬೂದಿರಿಯವರು ಬಟ್ಟಲು ಮತ್ತು ಉಂಡೆಗಳ ಹಳೆಯ ಆಟಕ್ಕೆ, ಮಲಯಾಳದವರು ಚೆಪ್ಪುಂ ಪಂದುಂ ಅನ್ನುವುದಕ್ಕೆ, ಹೊಸ ಜೀವ ಕೊಟ್ಟರು. ಅಂಥವರು ಗಳಿಸಿದ ಮಾನ ಉಳಿಯಬೇಕು ಅಂತ ನಿಮಗೆ ಅನ್ನಿಸಿದ್ದು ಸರಿ.

ಆದರೆ ನಿಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ ಮಾರಾಯ್ರೇ. ಆ ದಿನ ನಿಮ್ಮ ಜಾದೂ ಸೋಲಲಿಲ್ಲ. ಎಲ್ಲಿ ಗೆದ್ದಿರಿ ಅನ್ನುವುದು ನಿಮಗೆ ಕಾಣಲಿಲ್ಲ, ಅಷ್ಟೆ.

ಪಾರಿವಾಳದ ವಿಷಯವನ್ನೇ ತೆಗೆದುಕೊಳ್ಳಿ. ಆಶ್ಚರ್ಯ ಆಗಬೇಕಾದರೆ ಯಾವುದು ಆಗದು ಅನ್ನುವುದು ಮೊದಲು ಗೊತ್ತಿರಬೇಕು. ಮೂರು ವರ್ಷದ ಮಗುವಿಗೆ ಅದು ಎಲ್ಲಿಂದ ಗೊತ್ತಿರಬೇಕು? ಗೋಡೆಯಲ್ಲಿ ಒಂದು ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಅಂಗೈ ಅಗಲದ ಮೊಬೈಲಿನಲ್ಲಿ ದುಬಾಯಿಯಲ್ಲಿರುವ ಅಪ್ಪ ಕಾಣುತ್ತಾನೆ, ಮಾತಾಡುತ್ತಾನೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಮಕ್ಕಳು ಅಪ್ಪನನ್ನು ಹಾಗೆಯೇ ನೋಡಿ ಬೆಳೆಯುತ್ತಾರೆ! ಅಂಥ ಮಗುವಿಗೆ ಪೆಟ್ಟಿಗೆಯಿಂದ ಹಕ್ಕಿ ಬಂದದ್ದು ಏನು ದೊಡ್ಡದು? ಆ ಹುಡುಗಿ ಹಕ್ಕಿಗೆ ಹಸಿವಾಗುತ್ತದಾ ಅಂತ ಕೇಳಿದಳಲ್ಲ, ಆ ಕೋಣೆಯಲ್ಲಿ ಹಕ್ಕಿಯನ್ನು ಹಕ್ಕಿಯಾಗಿ ನೋಡಿದವಳು ಅವಳೊಬ್ಬಳೇ. (ಅಂದಹಾಗೆ, ಪ್ರದರ್ಶನದಲ್ಲಿ ಪ್ರಾಣಿ ಪಕ್ಷಿಗಳನ್ನು ಬಳಸಲು 2001ರ ನಿಯಮಗಳ ಪ್ರಕಾರ ನೋಂದಣಿ ಬೇಕು. ನಿಮ್ಮ ಹತ್ತಿರ ಇಲ್ಲದಿದ್ದರೆ ಆ ಪಾರಿವಾಳವನ್ನು ಇನ್ನು ಪೆಟ್ಟಿಗೆಗೆ ತುಂಬಬೇಡಿ.)

1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಸಣ್ಣ ಮಕ್ಕಳಿಗೆ ಒಂದು ಕಥೆ ಹೇಳಿದರು. ಒಬ್ಬ ಹುಡುಗ ಚಾಕಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಇಡುತ್ತಾಳೆ. ಹುಡುಗ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಚಾಕಲೇಟು ಈಗ ಎಲ್ಲಿದೆಯೋ ಅಲ್ಲಿಗೇ ಬೆರಳು ತೋರಿಸುತ್ತಾರೆ. ತನಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿರಲಿಕ್ಕಿಲ್ಲ, ಅವನು ತಪ್ಪು ತಿಳಿದಿರಬಹುದು ಅನ್ನುವುದು ನಾಲ್ಕರ ಆಸುಪಾಸಿನಲ್ಲಿ ನಿಧಾನಕ್ಕೆ ಹೊಳೆಯುತ್ತದೆ. ನೀವು ಕಲಿತ ವಿದ್ಯೆ ಪೂರ್ತಿ ನಿಂತಿರುವುದು ಅದರ ಮೇಲೇ ಅಲ್ವಾ? ನೋಡುವವನು ಒಂದು ಅಂದುಕೊಳ್ಳಬೇಕು, ಆಗುವುದು ಇನ್ನೊಂದಾಗಬೇಕು. ಆ ಮೆಟ್ಟಿಲನ್ನು ಇನ್ನೂ ಹತ್ತುತ್ತಿರುವ ಮಗುವಿನ ಮುಂದೆ ನಿಮ್ಮ ಅತಿ ನಯವಾದ ಕೈಚಳಕ ನೀರಲ್ಲಿ ಇಟ್ಟ ಹೋಮ.

ಕಿವಿಯ ನಾಣ್ಯಕ್ಕೆ ಅತ್ತ ಹುಡುಗ ನಿಮ್ಮನ್ನು ಪೂರ್ತಿ ನಂಬಿದ. ತನ್ನ ಕಿವಿಯೊಳಗೆ ನಾಣ್ಯ ಇತ್ತು, ಇನ್ನೂ ಇರಬಹುದು ಅಂತ ಹೆದರಿದ. ಇದರಲ್ಲಿ ತಪ್ಪು ನಿಮ್ಮದೇ, ಬೇಸರ ಮಾಡಿಕೊಳ್ಳಬೇಡಿ. ಈ ವಯಸ್ಸಿನವರ ಮೈಯಿಂದ ಏನನ್ನೂ ತೆಗೆಯಬಾರದು. ಕತ್ತರಿಸುವುದು, ಚುಚ್ಚುವುದು, ಭುಗ್ ಅನ್ನುವ ಬೆಂಕಿ ಯಾವುದೂ ಬೇಡ. ಬಾಯಿಗೆ ಹೋಗುವ ಗೋಲಿ, ಸ್ಪಂಜಿನ ಉಂಡೆ, ಒಡೆದ ಬಲೂನಿನ ಚೂರು ಕೈಗೆ ಸಿಗುವ ಹಾಗೆ ಬಿಡಬೇಡಿ.

ಈಗ ಆ ಐದು ನಿಮಿಷದ ನಗುವಿಗೆ ಬರುತ್ತೇನೆ. ರಷ್ಯಾದ ಮಕ್ಕಳ ಕವಿ ಕೊರ್ನೇಯ್ ಚುಕೋವ್‌ಸ್ಕಿ ತಮ್ಮ ಮಗಳ ಬಗ್ಗೆ ಒಂದು ಸಂಗತಿ ಬರೆದಿದ್ದಾರೆ. ಅವಳಿಗೆ ಆಗ ಎರಡು ವರ್ಷ ತುಂಬಿರಲಿಲ್ಲ. ಬೆಕ್ಕು ಮಿಯಾಂವ್ ಅನ್ನುತ್ತದೆ, ನಾಯಿ ಬೌ ಅನ್ನುತ್ತದೆ ಅಂತ ಹೊಸದಾಗಿ ಕಲಿತಿದ್ದಳು. ಒಂದು ದಿನ ಅಪ್ಪನ ಹತ್ತಿರ ಬಂದು ನಾಯಿ ಮಿಯಾಂವ್ ಅನ್ನುತ್ತದೆ ಅಂತ ಹೇಳಿ ನಕ್ಕಳು. ಕಲಿತದ್ದು ಗಟ್ಟಿಯಾದ ಮೇಲೆಯೇ ಅದನ್ನು ಮಗುಚಿ ಹಾಕಿ ನಗಲು ಆಗುವುದು. ಟೊಪ್ಪಿ ತಲೆಯಲ್ಲಿರಬೇಕು, ಕೋಲು ಕೈಯಲ್ಲಿರಬೇಕು ಅಂತ ನಿಮ್ಮ ಅಂಗನವಾಡಿಯ ಮಕ್ಕಳಿಗೆ ಚೆನ್ನಾಗಿ ಗೊತ್ತು. ಕೋಟು ಹಾಕಿದ ಅಷ್ಟು ದೊಡ್ಡ ಮನುಷ್ಯನಿಗೆ ಅದು ಬರಲಿಲ್ಲ! ಬೆಳಗ್ಗಿನಿಂದ ರಾತ್ರಿವರೆಗೆ ಚೆಲ್ಲಬೇಡ, ಬೀಳಿಸಬೇಡ, ಹಾಗಲ್ಲ ಹೀಗೆ ಅಂತ ಹೇಳಿಸಿಕೊಳ್ಳುವ ಜೀವಗಳು ಅವು. ಒಂದು ಗಳಿಗೆ ಅವರು ತಿಳಿದವರಾದರು, ನೀವು ತಿಳಿಯದವರಾದಿರಿ. ಮಗುವಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾವ ಜಾದೂಗಾರನೂ ಕೊಟ್ಟದ್ದಿಲ್ಲ.

ಇದನ್ನು ಮಂಗಚೇಷ್ಟೆ ಅಂದಿರಲ್ಲ, ನನಗೆ ನೋವಾದದ್ದು ಅಲ್ಲಿ. ನೀವಿರುವುದು ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ. ಆಟ ನೋಡಿ ಬೆಳೆದವರೇ ಇರಬೇಕು. ನಾನು ಸಣ್ಣವನಿದ್ದಾಗ ಅಜ್ಜಿ ನನ್ನನ್ನು ಕೊಯ್ಲಾದ ಗದ್ದೆಯ ಬಯಲಾಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಚಾಪೆ ಹಿಡಿದುಕೊಂಡು ಹೋಗುವುದು. ಬಣ್ಣದ ವೇಷ ಅಬ್ಬರಿಸಿಕೊಂಡು ಬರುವಾಗ ನನ್ನ ಮುಖ ಅಜ್ಜಿಯ ಸೆರಗಿನೊಳಗೆ. ಅಲ್ಲೇ ನಿದ್ದೆ. ಅಜ್ಜಿಯಾದರೋ ದೊಡ್ಡ ರಾಜನ ಒಡ್ಡೋಲಗಕ್ಕೆ ನನ್ನನ್ನು ಎಬ್ಬಿಸಿದವರಲ್ಲ. ಹಾಸ್ಯಗಾರ ಬಂದ ಕೂಡಲೇ ಬೆನ್ನು ತಟ್ಟಿ "ಏಳು ಏಳು, ಬಂದ" ಅನ್ನುತ್ತಿದ್ದರು. ಅವನು ದೂತನಾಗಿ ಬರುತ್ತಿದ್ದ, ಬಾಗಿಲು ಕಾಯುವವನಾಗಿ, ಮುದಿ ಬ್ರಾಹ್ಮಣನಾಗಿ ಬರುತ್ತಿದ್ದ. ರಾಜನ ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಅವನದು ನಮ್ಮ ಅಂಗಳದ ಮಾತು. ಕೂತಲ್ಲಿಂದಲೇ ನಾವು ಮಕ್ಕಳು ಅವನಿಗೆ ಉತ್ತರ ಕೊಡುತ್ತಿದ್ದೆವು.

ನಮ್ಮ ಕಡೆಯ ಯಕ್ಷಗಾನದ, ಅಂದರೆ ತೆಂಕುತಿಟ್ಟಿನ, ಯಾವ ಹಿರಿಯರನ್ನಾದರೂ ಕೇಳಿ. ಹಾಸ್ಯಗಾರನಾಗಬೇಕಾದರೆ ಪ್ರಸಂಗದ ನಡೆ ಪೂರ್ತಿ ಗೊತ್ತಿರಬೇಕು, ತಾಳ ಗೊತ್ತಿರಬೇಕು, ಎದುರಿನ ವೇಷಧಾರಿ ತಪ್ಪಿದರೆ ಎತ್ತಿ ನಿಲ್ಲಿಸುವ ತಾಕತ್ತಿರಬೇಕು. ಎಡವುವ ಹಾಗೆ ಕುಣಿಯಲು ಸರಿಯಾಗಿ ಕುಣಿಯುವವನಿಂದ ಮಾತ್ರ ಸಾಧ್ಯ. ನಿಮ್ಮ ಎಂಟು ವರ್ಷದ ಅಭ್ಯಾಸ ಎಲ್ಲಿಗೂ ಹೋಗುವುದಿಲ್ಲ. ಕೋಲು ಜಾರಿ ಬಿದ್ದದ್ದು ಮೊನ್ನೆ ಆಕಸ್ಮಿಕ. ಅದೇ ಕೋಲನ್ನು ಪ್ರತಿ ಸಲ ಅದೇ ಗಳಿಗೆಗೆ, ಅದೇ ಪೆಚ್ಚು ಮೋರೆಯಲ್ಲಿ ಬೀಳಿಸಿ ನೋಡಿ. ಕೈ ಎಷ್ಟು ಪಳಗಿರಬೇಕು ಅಂತ ಆಗ ಗೊತ್ತಾಗುತ್ತದೆ.

ಹಿಡಿದ ಕೂಡಲೇ ತುಂಡು ತುಂಡಾಗಿ ಜೋತುಬೀಳುವ ಮಂತ್ರದ ಕೋಲು ಜಾದೂ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ನಿಮಗೆ ಗೊತ್ತಿರುತ್ತದೆ. ನಿಮ್ಮ ಕೈಯಲ್ಲಿ ನೆಟ್ಟಗಿರಲಿ. ಮಗುವಿನ ಕೈಗೆ ಹೋದಾಗ ಬಾಡಿದ ಬಾಳೆದಿಂಡಿನ ಹಾಗೆ ಬೀಳಲಿ. ಆದರೆ "ಅಯ್ಯೋ, ಮುರಿದುಬಿಟ್ಟೆಯಾ!" ಅಂತ ಮಗುವಿಗೆ ಹೇಳಬೇಡಿ. ಅದನ್ನು ಅವರು ಮನೆಯಲ್ಲಿ ಬೇಕಾದಷ್ಟು ಕೇಳಿರುತ್ತಾರೆ. ಕೋಲಿಗೇ ಬೈಯಿರಿ. "ಏ ಸೋಮಾರಿ, ನೆಟ್ಟಗೆ ನಿಲ್ಲು" ಅನ್ನಿ. ಮಕ್ಕಳೂ ಕೋಲಿಗೆ ಬೈಯಲಿ. ಮಗುವಿನ ಮೇಲೆ ನಗಿಸಿದ ಜಾದೂಗಾರನನ್ನು ನಾನು ಕ್ಷಮಿಸಲಾರೆ. ಒಂದು ಸಮಾರಂಭದಲ್ಲಿ ನಾಲ್ಕು ವರ್ಷದವನನ್ನು ವೇದಿಕೆಗೆ ಕರೆದು, ಅವನ ಚಡ್ಡಿಯಿಂದ ಅಂತ ಉದ್ದನೆಯ ಕೆಂಪು ಬಟ್ಟೆ ಎಳೆದದ್ದನ್ನು ನೋಡಿದೆ. ಸಭೆಗೆ ಸಭೆಯೇ ನಕ್ಕಿತು. ಆ ಮಗು ಕೆಳಗಿಳಿದು ಅಮ್ಮನ ಹಿಂದೆ ನಿಂತದ್ದು ಮತ್ತೆ ಹೊರಗೆ ಬರಲಿಲ್ಲ.

ದುಬಾರಿ ಪೆಟ್ಟಿಗೆಗಳೂ ಬೇಡ. ನನ್ನ ಸೋದರಮಾವ ಕರ್ಚೀಫಿನಲ್ಲಿ ಇಲಿ ಮಾಡುತ್ತಿದ್ದರು. ಮಡಚಿ, ಸುತ್ತಿ, ಎರಡು ಕಿವಿ, ಒಂದು ಬಾಲ. ಮೊಣಕೈಯ ಮೇಲೆ ಮಲಗಿಸಿ ಬೆನ್ನು ಸವರುವರು. ಇಲಿ ಚಂಗನೆ ಹಾರುವುದು. "ಹಿಡಿಯಿರಿ ಮಾರಾಯ್ರೇ!" ಅಂತ ಎಲ್ಲರಿಗಿಂತ ಮೊದಲು ಅವರೇ ಹೆದರಿ ಓಡುವರು. ಬೆರಳಿನಿಂದ ಚಿಮ್ಮಿಸುವುದು ಅಂತ ನನಗೆ ಎರಡನೇ ದಿನವೇ ಗೊತ್ತಾಗಿತ್ತು. ಆದರೂ ನಲ್ವತ್ತು ಸಲ ಕೇಳಿದ್ದೇನೆ. ಇನ್ನೊಮ್ಮೆ, ಇನ್ನೊಮ್ಮೆ. ಒಂದೇ ಆಟವನ್ನು ಎರಡು ಸಲ ಮಾಡಬಾರದು ಅಂತ ನಿಮಗೆ ಗುರುಗಳು ಕಲಿಸಿರುತ್ತಾರೆ. ದೊಡ್ಡವರ ಮುಂದೆ ಅದು ಸರಿ. ಈ ಮಕ್ಕಳಿಗೆ ಮತ್ತೆ ಬರುತ್ತದೆ ಅಂತ ಗೊತ್ತಿರುವುದೇ ಸುಖ.

ಪಿ. ಸಿ. ಸರ್ಕಾರರ 'ವಾಟರ್ ಆಫ್ ಇಂಡಿಯಾ' ಆಟ ನೆನಪು ಮಾಡಿಕೊಳ್ಳಿ. ಪಾತ್ರೆಯ ನೀರು ಪೂರ್ತಿ ಚೆಲ್ಲಿ ಬದಿಗಿಡುವುದು. ಬೇರೆ ಆಟ ಮಾಡುವುದು. ಮತ್ತೆ ಬಂದು ಎತ್ತಿದರೆ ಪುನಃ ನೀರು. ಪ್ರದರ್ಶನ ಮುಗಿಯುವವರೆಗೂ ಹೀಗೇ. ಅದಕ್ಕಿಂತ ಚೆಂದದ ಮಕ್ಕಳ ಹಾಸ್ಯ ಬೇಕಾ? ನಮ್ಮ ಮನೆಯ ಹಿತ್ತಾಳೆ ತಂಬಿಗೆಯಂಥದ್ದನ್ನೇ ಇಟ್ಟು, "ಇದನ್ನು ಯಾರು ತುಂಬಿಸಿದ್ದು? ಈಗಷ್ಟೇ ಚೆಲ್ಲಿದೆನಲ್ಲ!" ಅಂತ ನೀವು ಸಿಟ್ಟು ಮಾಡಿಕೊಳ್ಳಿ. ಮೂರನೇ ಸಲಕ್ಕೆ ನೀವು ತಂಬಿಗೆ ಮುಟ್ಟುವ ಮೊದಲೇ ಮಕ್ಕಳು ಬೊಬ್ಬೆ ಹಾಕದಿದ್ದರೆ ನನಗೆ ಪತ್ರ ಬರೆಯಿರಿ. ಗುಟ್ಟನ್ನು ಇಲ್ಲಿ ಬರೆಯುವುದಿಲ್ಲ. ಅದು ನಿಮ್ಮವರ ಸೊತ್ತು.

ಮಾತಿನ ಬಗ್ಗೆ ನೀವು ಏನೂ ಬರೆದಿಲ್ಲ. ನನಗೋ ಅದೇ ಚಿಂತೆ. ನಾನು ನೋಡಿದ ಹೆಚ್ಚಿನ ಜಾದೂಗಾರರು 'ಹಲೋ ಚಿಲ್ಡ್ರನ್' ಅಂತ ಶುರು ಮಾಡಿ 'ಅಬ್ರಕದಬ್ರ'ಕ್ಕೆ ಮುಗಿಸುತ್ತಾರೆ. ಆ ಶಬ್ದ ಹಿಂದೆ ರೋಮಿನವರು ಜ್ವರ ಬಿಡಿಸಲು ತಾಯಿತದಲ್ಲಿ ಬರೆದು ಕಟ್ಟುತ್ತಿದ್ದದ್ದು. ನಮ್ಮ ಮಕ್ಕಳಿಗೆ 'ಹಲಸಿನ ಹಪ್ಪಳ ಛೂ ಮಂತ್ರಕಾಳಿ' ಸಾಕು. ಹಪ್ಪಳ ಅಂದ ಕೂಡಲೇ ಅರ್ಧ ನಗು ಬಂದಾಗಿರುತ್ತದೆ. ನಿಮ್ಮ ಅಂಗನವಾಡಿಯಲ್ಲಿ ತುಳು ಮನೆಯವರು, ಹವ್ಯಕರು, ಬ್ಯಾರಿಗಳು, ಮರಾಟಿಯವರು, ಮಲಯಾಳದವರು ಎಲ್ಲರೂ ಇದ್ದಾರು. ಚೀಲದಿಂದ ಬಟ್ಟೆಯ ಬೆಕ್ಕು ತೆಗೆದು "ಆನೆ ನೋಡಿ ಆನೆ" ಅನ್ನಿ. ಬೆಕ್ಕು, ಪುಚ್ಚೆ, ಪೂಚ್ಚ ಅಂತ ಎಲ್ಲ ಮೂಲೆಯಿಂದ ತಿದ್ದುತ್ತಾರೆ. ಕಾಸರಗೋಡಿನ ಮಕ್ಕಳಿಗೆ ಮಾತ್ರ ಸಿಗುವ ಭಾಗ್ಯ ಅದು.

ನಗುವುದಕ್ಕೆ ಮಾತು ತಟ್ಟನೆ ತಿಳಿಯಬೇಕು. ಬಿಡಿಸಿ ಹೇಳುವಷ್ಟರಲ್ಲಿ ನಗು ಹೋಗಿಬಿಡುತ್ತದೆ. ಮನೆಮಾತು ತಿಳಿಯದವರ ಮುಂದೆ ಕೂತ ಮಗು ನಗುವುದಿಲ್ಲ, ಸುಮ್ನೆ ಮುಖ ನೋಡುತ್ತದೆ. 1956ರಲ್ಲಿ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸುವ ವ್ಯವಸ್ಥೆ ಮಾಡಲು ಪ್ರಯತ್ನಿಸಬೇಕು ಅಂತ ಅದು ಹೇಳುತ್ತದೆ. ಆದರೂ ಕನ್ನಡ ತರಗತಿಗೆ ಕನ್ನಡ ಬಾರದವರನ್ನು ಹಾಕಿದ್ದಕ್ಕೆ ತಾಯ್ತಂದೆಯರು ಬೀದಿಗಿಳಿಯುವುದು ಇಲ್ಲಿ ನಿಂತಿಲ್ಲ. ಪಾಠ ತಪ್ಪಿತು ಅಂತ ಎಲ್ಲರೂ ಹೇಳುತ್ತಾರೆ. ನಗು ತಪ್ಪಿದ್ದನ್ನು ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲ.

ಇನ್ನು ನಮ್ಮವರೇ ಮಾಡುವ ವಾರ್ಷಿಕೋತ್ಸವಗಳು. ಸಂಜೆ ಐದಕ್ಕೆ ಮಕ್ಕಳಿಗೆ ಬಣ್ಣ ಹಚ್ಚಿ ಕೂರಿಸುತ್ತಾರೆ. ಸ್ವಾಗತ, ಪ್ರಸ್ತಾವನೆ, ಉದ್ಘಾಟನೆ, ಶಾಲು, ಹಾರ, ಸ್ಮರಣಿಕೆ. ಏಳು ಜನ ಮಾತಾಡಿದ ಮೇಲೆ ಎಂಟೂವರೆಗೆ ಜಾದೂ ಶುರುವಾದದ್ದನ್ನು ನಾನೇ ಕೂತು ನೋಡಿದ್ದೇನೆ. ಮುಂದಿನ ಸಾಲಿನ ಮಕ್ಕಳು ಒಬ್ಬರ ಮೇಲೆ ಒಬ್ಬರು ಒರಗಿ ಮಲಗಿದ್ದರು. ಧ್ವನಿವರ್ಧಕಕ್ಕೆ ಸಾವಿರಗಟ್ಟಲೆ ಕೊಟ್ಟವರು ಜಾದೂಗಾರನಿಗೆ ಒಂದು ಶಾಲು ಹೊದೆಸಿ ಕಳಿಸಿದರು. ಆ ಧ್ವನಿಗೆ ಸಣ್ಣವರು ಕಿವಿ ಮುಚ್ಚಿಕೊಂಡದ್ದು ಯಾರಿಗೂ ಕಾಣಲಿಲ್ಲ. ಮಕ್ಕಳ ಹೆಸರಿನಲ್ಲಿ ದೊಡ್ಡವರು ದೊಡ್ಡವರಿಗಾಗಿ ಮಾಡುವ ಈ ಜಾತ್ರೆಗಳ ಬಗ್ಗೆ ಎಷ್ಟು ಸಲ ಬರೆದರೂ ನನಗೆ ಸಮಾಧಾನ ಇಲ್ಲ. ನೀವಾದರೂ ಖಡಾಖಂಡಿತ ಹೇಳಿ: ಭಾಷಣಕ್ಕೆ ಮೊದಲು ಜಾದೂ, ಇಲ್ಲವಾದರೆ ಬರುವುದಿಲ್ಲ. ದುಡ್ಡನ್ನೂ ಕೇಳಿ. ನಾಚಿಕೆ ಬೇಡ.

ನಮ್ಮ ಕಚೇರಿಯ ಹಿಂದೆ ಒಂದು ಅಂಗನವಾಡಿ ಉಂಟು. ಹದಿನಾಲ್ಕು ಮಕ್ಕಳು. ಟೀಚರ ಹತ್ತಿರ ಮಾತಾಡಿದ್ದೇನೆ. ಮುಂದಿನ ತಿಂಗಳು ನಿಮಗೆ ಅನುಕೂಲವಾದ ಒಂದು ದಿನ ಬನ್ನಿ. ಬೆಳಗ್ಗೆ ಹತ್ತೂವರೆಗೆ ಶುರು ಮಾಡಿದರೆ ಒಳ್ಳೆಯದು, ಊಟದ ಹೊತ್ತು ಹತ್ತಿರ ಬಂದರೆ ಅವರಿಗೆ ನಿದ್ದೆ ತೂಗುತ್ತದೆ. ಇಪ್ಪತ್ತೈದು ನಿಮಿಷ ಸಾಕು. ಮೈಕ್ ಬೇಡ, ನೆಲದಲ್ಲೇ ಕೂರುವ. ಕರ್ಚೀಫು ನಾನು ತರುತ್ತೇನೆ, ನೀವು ಟೊಪ್ಪಿ ತನ್ನಿ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ.